ಡಿಶ್‌ವಾಷರ್ ಮೇಲಿನ ತಿಳಿ ಹಾಳೆ

"ಬೋರ್ಡ್ ಹೋಗಿದೆ," ಎಂದ ಮೆಕ್ಯಾನಿಕ್.

ಯಂತ್ರವನ್ನು ಅವನು ಇನ್ನೂ ಮುಟ್ಟಿರಲಿಲ್ಲ. ಹೆಗಲ ಚೀಲವನ್ನೂ ಇಳಿಸದೆ, ಅಡುಗೆಮನೆಯ ಬಾಗಿಲಲ್ಲಿ ನಿಂತೇ ರೋಗ ಕಂಡುಹಿಡಿದಿದ್ದ. ಇವನ ಪಾಲಿಗೆ ಫ್ರಿಜ್ ನಿಂತರೂ ಬೋರ್ಡ್ ಹೋಗಿದೆ, ಟಿವಿ ಕೆಟ್ಟರೂ ಬೋರ್ಡ್ ಹೋಗಿದೆ. ಇವನ ತಲೆಯ ಬೋರ್ಡ್ ಯಾವಾಗ ಹೋಯಿತೋ, ಅದನ್ನು ನೋಡಿದವರಿಲ್ಲ.

"ಹತ್ರ ಬಂದು ಒಂದ್ಸಲ ನೋಡಿ ಹೇಳಪ್ಪ," ಎಂದೆ.

"ನೋಡೋದೇನಿದೆ ಮೇಡಂ? ಬಟನ್ ಮುಟ್ಟಿದ್ರೆ ಕೆಲಸ ಮಾಡ್ತಿಲ್ಲ ಅಂದ್ರೆ ಬೋರ್ಡೇ. ಹೊಸ ಪ್ಯಾನೆಲ್ ತಂದಿದೀನಿ. ಹಳೇದನ್ನ ಬಿಚ್ಕೊಂಡು ಹೋಗ್ತಿರ್ತೀನಿ."

"ಹಳೇದನ್ನ ಯಾರೂ ಬಿಚ್ಚಲ್ಲ. ನೀನು ಆಚೆ ಜಗಲಿ ಮೇಲೆ ಕೂತ್ಕೋ."

ಮೊನ್ನೆ ರಾತ್ರಿ ಈ ಮನೆಯ ಯಜಮಾನರು ಮಲಗುವ ಮುಂಚಿನ ಹಾಲು ಕುಡಿದು ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದರು. ಹಾಲಿನಲ್ಲಿ ಇದ್ದದ್ದು ನಿದ್ರೆ ಮಾತ್ರೆಯ ಪುಡಿ, ಅದನ್ನು ಅವರ ಕೋಣೆಗೆ ಒಯ್ದವಳು ಸೊಸೆ, ಆ ಸೊಸೆಯೇ ನನ್ನನ್ನು ಕರೆಸಿಕೊಂಡವಳು.

ಕಿಟಕಿಯ ಪಕ್ಕ ನಿಂತಿದ್ದ ಇನ್ಸ್‌ಪೆಕ್ಟರ್ ನಕ್ಕ. ನಾನು ಪೊಲೀಸ್ ಇಲಾಖೆಯಲ್ಲಿದ್ದಾಗ ಇವನು ನನ್ನ ಕೈಕೆಳಗೆ ಇದ್ದವನು. ಠಾಣೆಯಲ್ಲಿ ಎಲ್ಲರೂ ಇವನನ್ನು ಇಸ್ತ್ರಿ ಎನ್ನುತ್ತಿದ್ದರು. ಅಂಗಿ ಸುಕ್ಕಾದೀತೆಂದು ಗೋಡೆಗೆ ಒರಗದವನು, ಸುಕ್ಕಾದೀತೆಂದೇ ತಲೆಯನ್ನೂ ಬಳಸದೆ ಇಷ್ಟು ಮೇಲೆ ಬಂದಿದ್ದಾನೆ.

"ಮೇಡಂ, ಅದು ಪಾತ್ರೆ ತೊಳೆಯೋ ಮಿಷನ್ನು. ಅದನ್ನ ಹಿಡ್ಕೊಂಡು ಏನು ಮಾಡ್ತೀರಾ? ಸಂಜೆ ಇವರನ್ನ ಕರ್ಕೊಂಡು ಹೋಗ್ತೀನಿ. ಅಲ್ಲಿಗೆ ಮುಗೀತು."

ಇವರು ಎಂದರೆ ಸೊಸೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣು. ಸಿಂಕಿನ ಪಕ್ಕ ಮೂಲೆಗೆ ಅಂಟಿಕೊಂಡು ನಿಂತಿದ್ದಳು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ ತುಂಬಿಸಿ ಆಗಲೇ ಸಿದ್ಧವಾಗಿಟ್ಟಿದ್ದಳು.

"ನಿನ್ನ ಕೇಸನ್ನ ಇನ್ನೊಂದ್ಸಲ ಹೇಳಪ್ಪ," ಎಂದೆ ಇಸ್ತ್ರಿಗೆ. "ಆಚೆ ಕೂತಿರೋ ಮೆಕ್ಯಾನಿಕ್‌ಗೂ ಅರ್ಥ ಆಗೋ ಹಾಗೆ ಹೇಳು."

"ಸಿಂಪಲ್ ಮೇಡಂ. ಮಿಕ್ಸಿಯ ಚಿಕ್ಕ ಜಾರ್ ಒಂದೇ ಈ ಮಿಷನ್ ಒಳಗೆ ಸಿಕ್ತು. ತೊಳೆದು ಫಳಫಳ ಅಂತಿತ್ತು. ಆದ್ರೆ ಬ್ಲೇಡ್ ಕೆಳಗಿನ ರಬ್ಬರ್ ರಿಂಗ್ ಸಂದೀಲಿ ಮಾತ್ರೆ ಪುಡಿ ಉಳ್ಕೊಂಡಿತ್ತು. ಮಾತ್ರೆ ಅರೆದವರು ಜಾರನ್ನ ಇದ್ರಲ್ಲಿ ಹಾಕಿ ತೊಳೆದಿದಾರೆ. ಈ ಮಿಷನ್ ಮುಟ್ಟೋರು ಈ ಮನೇಲಿ ಇವರೊಬ್ರೇ."

"ನಾನು ಅಂಗಡಿಯಿಂದ ಬಂದಾಗ್ಲೇ ಇದು ಕೆಟ್ಟಿತ್ತು," ಎಂದಳು ಸೊಸೆ. "ಎಷ್ಟು ಮುಟ್ಟಿದ್ರೂ ಶುರು ಆಗ್ಲಿಲ್ಲ. ಊಟದ ತಟ್ಟೆ ಎಲ್ಲಾ ಕೈಯಲ್ಲೇ ತೊಳೆದೆ."

"ಹಾಗಂತ ನೀವು ಹೇಳ್ತೀರಿ. ರಾತ್ರಿ ಜಾರ್ ತೊಳೆದು, ಆಮೇಲೆ ಪ್ಯಾನೆಲ್ ಕೆಡಿಸಿದ್ರಿ ಅಂತ ನಾನು ಹೇಳ್ತೀನಿ."

ಇಡೀ ಕೇಸು ಇಷ್ಟೇ. ಅವಳು ಸಂಜೆ ಮನೆಗೆ ಬರುವ ಮುಂಚೆ ಈ ಪ್ಯಾನೆಲ್ ಕೆಟ್ಟಿದ್ದರೆ, ಜಾರನ್ನು ತೊಳೆದವರು ಹಗಲು ಮನೆಯಲ್ಲಿದ್ದ ಬೇರೆ ಯಾರೋ. ಆಮೇಲೆ ಕೆಟ್ಟಿದ್ದರೆ ಅವಳಿಗೆ ಜೈಲು. ಒಂದು ಪಾತ್ರೆ ತೊಳೆಯುವ ಯಂತ್ರ ಯಾವಾಗ ಮೂಕಾಯಿತು ಎಂಬುದರ ಮೇಲೆ ಒಂದು ಜೀವ ನಿಂತಿತ್ತು.

ಇದಕ್ಕೆ ಸಾಕ್ಷಿ ಹೇಳಬೇಕಾಗಿದ್ದವನು ಅವಳ ಗಂಡ. ಅವನು ಊಟದ ಮೇಜಿನ ಹತ್ತಿರ ಫೋನು ತೀಡುತ್ತ ಕೂತಿದ್ದ.

"ಆವತ್ತು ಸಂಜೆ ಮಿಷನ್ ಕೆಟ್ಟಿದೆ ಅಂತ ಹೆಂಡತಿ ನಿಮಗೆ ಹೇಳಿದ್ರಂತೆ?"

"ಹೇಳಿದ್ಲು ಅನ್ಸುತ್ತೆ. ನಾನು ಮ್ಯಾಚ್ ನೋಡ್ತಿದ್ದೆ."

"ಎದ್ದು ಬಂದು ನೋಡ್ಲಿಲ್ವಾ?"

"ಮಾರನೇ ದಿನ ನೋಡಿದೆನಲ್ಲ ಮೇಡಂ. ವಿಡಿಯೋ ಹಾಕ್ಕೊಂಡು ಎಲ್ಲಾ ಸ್ಟೆಪ್ಪೂ ಮಾಡಿದೀನಿ."

ಅಪ್ಪ ಆಸ್ಪತ್ರೆಯಲ್ಲಿ, ಹೆಂಡತಿ ಠಾಣೆಯ ದಾರಿಯಲ್ಲಿ. ಮಗರಾಯ ವಿಡಿಯೋ ನೋಡಿಕೊಂಡು ಡಿಶ್‌ವಾಷರ್ ರಿಪೇರಿಗೆ ಕೂತಿದ್ದಾನೆ. ಅದನ್ನು ಹೇಳುವಾಗ ಮುಖದಲ್ಲಿ ಹೆಮ್ಮೆ ಬೇರೆ. ಇಂಥವನನ್ನು ಸಾಕ್ಷಿ ಎನ್ನುವುದಕ್ಕಿಂತ ಆ ಮೇಜನ್ನು ಸಾಕ್ಷಿ ಎನ್ನುವುದು ಮೇಲು.

"ಏನೇನು ಸ್ಟೆಪ್ಪು?"

"ಪ್ಲಗ್ ನೋಡಿದೆ, ಕರೆಂಟ್ ಬರ್ತಿದೆ. ಬಾಗಿಲು ಸರಿಯಾಗಿ ಹಾಕಿಲ್ಲಾಂದ್ರೂ ಹೀಗಾಗುತ್ತಂತೆ, ತೆಗೆದು ಹಾಕಿದೆ. ಚೈಲ್ಡ್ ಲಾಕ್ ಬಿದ್ದಿರ್ಬಹುದು ಅಂತ ಬೀಗದ ಚಿತ್ರ ಇರೋ ಕಡೆ ಒತ್ತಿ ಹಿಡಿದೆ. ಮೇನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದೆ. ಏನೂ ಆಗ್ಲಿಲ್ಲ. ಅದಕ್ಕೇ ಹೊಸ ಪ್ಯಾನೆಲ್‌ಗೆ ಹೇಳಿದೆ."

ನಾನು ಯಂತ್ರದ ಮುಂದೆ ನೆಲದ ಮೇಲೆ ಕೂತೆ. ಅವನು ಮಾಡಿದ್ದನ್ನೆಲ್ಲ ಮತ್ತೆ ಮಾಡಿದೆ. ಬಾಗಿಲ ಮೇಲಿನ ಗಾಜಿನ ಪಟ್ಟಿಯಲ್ಲಿ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಅಂದರೆ ಜೀವ ಇದೆ. ಬೆರಳು ತಾಗಿಸಿದರೆ ಸಾಕು, ಕೂಗಬೇಕು. ಎಷ್ಟು ತಾಗಿಸಿದರೂ ಅದು ಕಿವುಡು.

ಆಗ ನನ್ನ ಕಣ್ಣು ಪ್ಯಾನೆಲ್ಲಿಗಿಂತ ಅದರ ಮೇಲಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ನಿಂತಿತು.

ಈ ಮನೆಯ ಪ್ಲಾಸ್ಟಿಕ್ ವಿಷಯವನ್ನು ಇಲ್ಲಿ ಹೇಳಲೇಬೇಕು. ಸೋಫಾ ಅಂಗಡಿಯಿಂದ ಬಂದ ಕವರಿನೊಳಗೇ ಇತ್ತು. ಕುರ್ಚಿಗೆ ಕವರ್, ಮೇಜಿಗೆ ಕವರ್, ರಿಮೋಟಿಗೆ ಕವರ್, ನಲ್ಲಿಯ ಹಿಡಿಗೂ ಒಂದು ಕವರ್. ಯಾವತ್ತೋ ಒಂದು ಒಳ್ಳೆಯ ದಿನ ಬರುತ್ತದೆ, ಅವತ್ತು ಎಲ್ಲ ಬಿಚ್ಚಿ ಹೊಸದಾಗಿ ಬದುಕೋಣ ಎಂದು ಇಡೀ ಸಂಸಾರ ಕಾದು ಕೂತ ಹಾಗಿತ್ತು. ವಾರಕ್ಕೊಮ್ಮೆ ಈ ಕವರುಗಳಿಗೆಲ್ಲ ಸ್ನಾನ. ಮನೆಯವರೆಲ್ಲ ಸೇರಿ ಬಿಚ್ಚಿ, ಸೋಪು ನೀರಲ್ಲಿ ಅದ್ದಿ, ಆರಿಸಿ, ಮತ್ತೆ ತೊಡಿಸುತ್ತಾರೆ. ಬಟ್ಟೆಯಲ್ಲಿ ಒರೆಸುವುದು ಅಪರಾಧ, ಗೀರು ಬೀಳುತ್ತದಂತೆ. ಮಕ್ಕಳಿಗೂ ಇಷ್ಟು ಅಕ್ಕರೆಯಿಂದ ಮೈ ತೊಳೆದಿರಲಾರರು.

ಆದರೆ ಅಂಟಿಸಿ ಬಂದ ಹಾಳೆಗಳಿಗೆ ಈ ಸ್ನಾನವಿಲ್ಲ. ಫ್ರಿಜ್ಜಿನ ಬಾಗಿಲ ಮೇಲಿನ ಹಾಳೆ, ಓವನ್ನಿನ ಮೇಲಿನ ಹಾಳೆ ವರ್ಷಗಟ್ಟಲೆಯ ಜಿಡ್ಡು ಕುಡಿದು ಹಳೆಯ ಉಗುರಿನ ಹಾಗೆ ಹಳದಿಯಾಗಿದ್ದವು.

ಡಿಶ್‌ವಾಷರ್ ಮೇಲಿನದು ಮಾತ್ರ ತಿಳಿನೀರಿನ ಹಾಗಿತ್ತು.

ಮೆಕ್ಯಾನಿಕ್ ಇದನ್ನು ಕಂಡಿದ್ದ. ಮಗ ಇದರ ಮೇಲೆ ದಿನವಿಡೀ ಬೆರಳಾಡಿಸಿದ್ದ. ಇಸ್ತ್ರಿ ಇದರ ಮೇಲೆ ಪುಡಿ ಉದುರಿಸಿ ಬೆರಳಚ್ಚು ತೆಗೆಸಿದ್ದ. ಒಬ್ಬನಿಗೂ ಏನೂ ಅನ್ನಿಸಿರಲಿಲ್ಲ.

"ಇದು ಇಷ್ಟು ತಿಳಿಯಾಗಿದೆಯಲ್ಲ, ಮುಂಚೆಯಿಂದ ಹೀಗೇನಾ?" ಎಂದು ಸೊಸೆಯನ್ನು ಕೇಳಿದೆ.

ಅವಳು ಹತ್ತಿರ ಬಂದು ಬಗ್ಗಿದಳು. "ಇಲ್ಲ ಮೇಡಂ. ಇದೂ ಹಳದಿಯಾಗೇ ಇತ್ತು. ಅಕ್ಷರ ಕಾಣ್ತಿರ್ಲಿಲ್ಲ, ಅಂದಾಜಲ್ಲಿ ಒತ್ತುತ್ತಿದ್ದೆ. ಅಂಗಡೀಲಿ ಕನ್ನಡಕ ಒರೆಸೋ ಬಟ್ಟೆ ತಂದು ಒರೆಸಿದ್ರೂ ಹೋಗ್ತಿರ್ಲಿಲ್ಲ. ಆವತ್ತು ಸಂಜೆ ನೋಡಿದ್ರೆ ಎಲ್ಲಾ ನಿಚ್ಚಳ ಇತ್ತು. ಅತ್ತೆ ತೊಳೆದಿರ್ಬೇಕು ಅನ್ಕೊಂಡೆ."

"ಅಂಟು ಹಾಕಿದ್ದನ್ನ ನಾವು ತೆಗೆಯಲ್ಲ," ಎಂಬ ದನಿ ಬಾಗಿಲ ಕಡೆಯಿಂದ ಬಂತು.

ಅತ್ತೆ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಕೆಳಗಿನ ಕವರ್ ಕಿರ್ ಎಂದಿತು. ಗಂಡ ಆಸ್ಪತ್ರೆಯಲ್ಲಿದ್ದರೂ ಈಕೆಯ ಜಡೆಯ ಒಂದು ಎಳೆ ಸಡಿಲವಾಗಿರಲಿಲ್ಲ. "ಆ ಮಿಷನ್ನೇ ನಾನು ಮುಟ್ಟಲ್ಲ. ಸೊಸೆ ಬೇಕು ಅಂದ್ಲು, ತಂದ್ರು. ಅವಳ ಮಿಷನ್ನು, ಅವಳ ಪಾಡು."

"ಆವತ್ತು ಹಗಲು ಮನೇಲಿ ಯಾರ್ಯಾರಿದ್ರಮ್ಮ?"

"ನಾನಿದ್ದೆ. ನಮ್ಮನೆಯವರಿದ್ರು. ಮಗ ಮಧ್ಯಾಹ್ನ ಊಟಕ್ಕೆ ಬಂದು ಹೋದ."

ನಾನು ಉಗುರಿನಿಂದ ಹಾಳೆಯ ಮೂಲೆಯನ್ನು ಸ್ವಲ್ಪ ಎಬ್ಬಿಸಿದೆ. ಕೆಳಗೆ ನೀರಿನ ಗುಳ್ಳೆಗಳು ಸಾಲಾಗಿ ಸಿಕ್ಕಿಬಿದ್ದಿದ್ದವು.

"ಇಸ್ತ್ರಿ, ಬಾ ಇಲ್ಲಿ. ಬಗ್ಗಪ್ಪ, ಅಂಗಿ ಹಾಳಾಗಲ್ಲ."

ಅವನು ಬಗ್ಗಿದ.

"ಇದರ ಮೇಲೆ ಯಾರ ಬೆರಳಚ್ಚು ಸಿಕ್ತು ನಿಂಗೆ?"

"ಇವರದ್ದು, ಇವರ ಗಂಡಂದು. ಅಷ್ಟೇ."

"ಎಷ್ಟು ಹಳೇದು?"

"ಎಲ್ಲಾ ಹೊಸದು, ಸ್ಪಷ್ಟವಾಗೇ ಇತ್ತು."

"ವರ್ಷಾನುಗಟ್ಟಲೆ ದಿನಾ ರಾತ್ರಿ ಜಿಡ್ಡುಗೈಯಲ್ಲಿ ಒತ್ತಿದ ಹಾಳೆ ಮೇಲೆ ಹೊಸ ಬೆರಳಚ್ಚು ಮಾತ್ರ ಇತ್ತು. ಹಳೇವೆಲ್ಲ ಎಲ್ಲಿ ಹೋದ್ವು ಅಂತ ನಿಂಗೆ ಅನ್ನಿಸ್ಲಿಲ್ವಾ?"

ಇಸ್ತ್ರಿಯ ಮುಖದಲ್ಲಿ ಏನೋ ಕದಲಿತು. ಯೋಚನೆ ಇರಲಾರದು, ಸೊಳ್ಳೆ ಇರಬೇಕು.

"ಯಾರೋ ಇದನ್ನ ಪೂರ್ತಿ ಬಿಚ್ಚಿ, ನಲ್ಲಿ ಕೆಳಗೆ ಸೋಪು ಹಾಕಿ ತೊಳೆದು, ಒದ್ದೆ ಒದ್ದೆಯಾಗೇ ಮತ್ತೆ ಅಂಟಿಸಿದಾರೆ," ಎಂದೆ. "ಒಳಗೆ ನೀರು ಕೂತಿದೆ. ಬೆರಳು ಯಾವುದು, ನೀರು ಯಾವುದು ಅಂತ ಪ್ಯಾನೆಲ್‌ಗೆ ಗೊತ್ತಾಗ್ತಿಲ್ಲ. ಬೋರ್ಡೂ ಹೋಗಿಲ್ಲ, ಮಣ್ಣೂ ಹೋಗಿಲ್ಲ."

ಹಾಳೆಯನ್ನು ಒಂದು ತುದಿಯಿಂದ ನಿಧಾನವಾಗಿ ಕಿತ್ತೆ. ಹಿಂದೆ ಕುರ್ಚಿಯ ಕವರ್ ಮತ್ತೆ ಕಿರ್ ಎಂದಿತು. ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಿ ಬೆರಳು ತಾಗಿಸಿದೆ.

ಯಂತ್ರ ಕುಂಯ್ ಎಂದು ಕೂಗಿ, ದೀಪಗಳನ್ನೆಲ್ಲ ಹೊತ್ತಿಸಿಕೊಂಡಿತು.

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಜಗಲಿಯಿಂದ ಇಣುಕಿದ ಮೆಕ್ಯಾನಿಕ್, "ಆದ್ರೂ ಬೋರ್ಡ್ ವೀಕ್ ಇರುತ್ತೆ ಮೇಡಂ," ಎಂದ. ಅವನ ಕಡೆ ನಾನು ತಿರುಗಲೂ ಇಲ್ಲ.

"ಇವರೇ ತೊಳೆದಿರ್ತಾರೆ," ಎಂದ ಇಸ್ತ್ರಿ.

"ಯಾಕೆ ತೊಳೀಬೇಕು? ದಿನಾ ಮುಟ್ಟೋ ಪ್ಯಾನೆಲ್ ಮೇಲೆ ಇವಳ ಬೆರಳಚ್ಚಿದ್ರೆ ಯಾರು ಕೇಳ್ತಾರೆ? ಅದನ್ನ ಅಳಿಸೋ ಗರಜು ಇರೋದು, ಯಾರ ಬೆರಳು ಅಲ್ಲಿ ಇರಬಾರ್ದೋ ಅವರಿಗೆ. ಹಾಳೇನ ಕಿತ್ತು ಬಿಸಾಡಿದ್ದಿದ್ರೆ ಕೆಲಸ ಸಲೀಸು. ಆದ್ರೆ ಈ ಮನೇಲಿ ಪ್ಲಾಸ್ಟಿಕ್ ಕಾಣೆಯಾದ್ರೆ ಕೊಲೆಗಿಂತ ದೊಡ್ಡ ಗಲಾಟೆ ಆಗುತ್ತೆ. ಇವಳಾಗಿದ್ರೆ ಬಟ್ಟೆ ತಗೊಂಡು ಒರೆಸಿರೋಳು, ಅವಳ ಕೆಲಸಾನೇ ಅದು. ಬಿಚ್ಚಿ, ತೊಳೆದು, ಮತ್ತೆ ತೊಡಿಸೋ ಬುದ್ಧಿ ಈ ಮನೇಲೇ ಬೆಳೆದ ಕೈಗೆ ಮಾತ್ರ ಬರುತ್ತೆ."

ಮಗನ ಫೋನು ಮೇಜಿನ ಮೇಲೆ ಕವುಚಿ ಬಿತ್ತು.

ನಾನು ಅವನೆದುರಿನ ಕುರ್ಚಿ ಎಳೆದು ಕೂತೆ. "ಊಟಕ್ಕೆ ಬಂದಾಗ ಅಡುಗೆಮನೇಲಿ ಎಷ್ಟು ಹೊತ್ತಿದ್ರಿ?"

"ನಾ... ನಾನು ಊಟ ಮಾಡಿ ಹೋದೆ, ಅಷ್ಟೇ."

"ಹೊಸ ಪ್ಯಾನೆಲ್‌ಗೆ ಇಷ್ಟು ಅವಸರ ಯಾಕೆ? ಹೆಂಡತಿಗೆ ವಕೀಲರನ್ನ ಹುಡುಕೋಕೆ ಪುರುಸೊತ್ತಿಲ್ಲ, ಮೆಕ್ಯಾನಿಕ್‌ನ ಹುಡುಕೋಕೆ ಇದೆ."

"ಮಿಷನ್ ಕೆಟ್ಟಿತ್ತು..."

"ಹಳೇದನ್ನ ಬಿಚ್ಕೊಂಡು ಹೋಗೋಕೆ ಹೇಳಿದ್ದು ಯಾರು?"

"ಅದು ಮಾಮೂಲು ಮೇಡಂ, ಹಳೇದು ಅವರೇ..."

"ನೀವು ಒಬ್ಬರ ಮುಖಾನಾದ್ರೂ ನೋಡಿ ಮಾತಾಡಿ. ನಿಮ್ಮ ಹೆಂಡತಿ ಬಟ್ಟೆ ಗಂಟು ಕಟ್ಕೊಂಡು ನಿಂತಿದಾಳೆ. ಒಂದ್ಸಲ ಆ ಕಡೆ ನೋಡಿದ್ರಾ?"

ಅವನು ನೋಡಲಿಲ್ಲ. ಹಣೆಯ ಬೆವರನ್ನು ಮೇಜಿನ ಕವರಿನ ಅಂಚಿನಿಂದ ಒರೆಸಿಕೊಂಡ. ನನಗೆ ನಿಜಕ್ಕೂ ಹೇಸಿಗೆಯಾಯಿತು. ಹೆಂಡತಿಗಾಗಿ ಸುಳ್ಳು ಹೇಳುವ ಗಂಡಂದಿರನ್ನು ಕಂಡಿದ್ದೇನೆ, ಹೆಂಡತಿಯ ಮೇಲೆ ಸುಳ್ಳು ಹೇಳುವವರನ್ನೂ ಕಂಡಿದ್ದೇನೆ. ಇವನಿಗೆ ಎರಡಕ್ಕೂ ಸೋಮಾರಿತನ.

"ನಾನು ತೊಳೆದಿಲ್ಲ," ಎಂದ ಕೊನೆಗೆ, ಚಿಕ್ಕ ಮಗುವಿನ ದನಿಯಲ್ಲಿ. "ಅಮ್ಮನ ಆಣೆಗೂ ನಾನಲ್ಲ."

"ಆಣೆ ಬೇಡ. ಹಾಳೇನೇ ಹೇಳುತ್ತೆ."

ಇಸ್ತ್ರಿಯ ಜೊತೆ ಬಂದಿದ್ದ ಬೆರಳಚ್ಚಿನ ಹೆಣ್ಣುಮಗಳು ಹಜಾರದಲ್ಲಿ ಕೂತಿದ್ದಳು. ಮನೆಯಲ್ಲಿದ್ದ ಮೂವರ ಬೆರಳಚ್ಚಿನ ಪ್ರತಿ ಅವಳ ಪೆಟ್ಟಿಗೆಯಲ್ಲಿತ್ತು. ಅವಳನ್ನು ಒಳಗೆ ಕರೆದು ಹಾಳೆಯನ್ನು ತಿರುವಿಕೊಟ್ಟೆ.

"ಮೇಲ್ಗಡೆ ಬೇಡಮ್ಮ. ಅಂಟಿನ ಕಡೆ ನೋಡು. ತೊಳೆದು ಮತ್ತೆ ಅಂಟಿಸೋವಾಗ ಅಂಟನ್ನ ಮುಟ್ಟದೆ ಹಿಡಿಯೋಕೆ ಆಗಲ್ಲ."

ಅವಳು ಇಸ್ತ್ರಿಯನ್ನು ನೋಡಿದಳು. ಅವನು ಗಂಟಲು ಕೆರೆದುಕೊಂಡು, ಇದೆಲ್ಲ ತನ್ನದೇ ಆಲೋಚನೆ ಎಂಬಂತೆ, "ಹ್ಞೂಂ, ಅಂಟಿನ ಕಡೆ ನೋಡಿ," ಎಂದ.

ಅವಳು ಹಾಳೆಗೆ ಕಪ್ಪು ದ್ರಾವಣ ಸವರಿ ನಲ್ಲಿಯ ಕೆಳಗೆ ಹಿಡಿದಳು. ನೀರು ಹರಿದುಹೋಯಿತು. ಅಂಚಿನಲ್ಲಿ ಒಂದು ಹೆಬ್ಬೆರಳು ಗೆರೆ ಗೆರೆಯಾಗಿ ಉಳಿಯಿತು, ದೊಡ್ಡದಾಗಿ.

ಅವಳು ಭೂತಗನ್ನಡಿ ಹಿಡಿದು ಒಂದೊಂದೇ ಪ್ರತಿಯ ಪಕ್ಕದಲ್ಲಿಟ್ಟು ನೋಡಿದಳು.

"ಸೊಸೆಯವರದ್ದಲ್ಲ," ಎಂದಳು.

ಸಿಂಕಿನ ಪಕ್ಕದಿಂದ ಒಂದು ಬಿಕ್ಕು ಕೇಳಿಸಿತು.

"ಮಗಂದೂ ಅಲ್ಲ. ಅಮ್ಮನವರದ್ದೂ ಅಲ್ಲ ಸರ್. ಹೊರಗಿನೋರದ್ದಿರ್ಬೇಕು."

"ನೋಡಿದ್ರಾ!" ಎಂದು ಇಸ್ತ್ರಿ ಅರಳಿದ. "ಮೆಕ್ಯಾನಿಕ್‌ದು!"

"ಅವನು ಮಿಷನ್ನೇ ಮುಟ್ಟಿಲ್ಲ ಕಣೋ. ಅದಕ್ಕೇ ತಾನೆ ಅವನನ್ನ ಆಚೆ ಕೂರ್ಸಿದ್ದು. ಈ ಮನೆಯವರ ಪೈಕಿ ಇನ್ನೊಬ್ಬರ ಬೆರಳಚ್ಚು ನೀನು ತಗೊಂಡೇ ಇಲ್ಲ. ತಗೋಬೇಕು ಅಂತ ನಿಂಗೆ ತೋಚೂ ಇಲ್ಲ."

ಹಜಾರ ದಾಟಿ ಯಜಮಾನರ ಕೋಣೆಗೆ ಹೋದೆ. ಮಂಚದ ಪಕ್ಕದಲ್ಲಿ ಅವರ ಓದುವ ಕನ್ನಡಕ ಮಡಿಸಿಟ್ಟ ಹಾಗೇ ಇತ್ತು, ಕವರಿನೊಳಗೆ. ಕರವಸ್ತ್ರದಲ್ಲಿ ಹಿಡಿದು ತಂದು ಹೆಣ್ಣುಮಗಳ ಮುಂದಿಟ್ಟೆ. ಅವಳು ಗಾಜಿನ ಮೇಲೆ ಪುಡಿ ಆಡಿಸಿ, ಬಗ್ಗಿ ಬಹಳ ಹೊತ್ತು ನೋಡಿದಳು.

"ಲ್ಯಾಬಲ್ಲಿ ಇನ್ನೊಂದ್ಸಲ ನೋಡ್ಬೇಕು ಸರ್," ಎಂದಳು. "ಆದ್ರೆ ನನ್ನ ಕಣ್ಣಿಗೆ ಇದೇ ಹೆಬ್ಬೆರಳು."

"ಅಪ್ಪಾನಾ?" ಮಗ ಎದ್ದು ನಿಂತ. "ಅಪ್ಪ ಅಡುಗೆಮನೆಗೇ ಬರಲ್ಲ!"

"ಅದಕ್ಕೇ ತೊಳೆದದ್ದು," ಎಂದೆ.

"ಅಂದ್ರೆ ಮೇಡಂ," ಇಸ್ತ್ರಿ ತೊದಲಿದ, "ಮಾತ್ರೆ ಅರೆದು, ಜಾರ್ ತೊಳೆದು, ತಮಗೆ ತಾವೇ ವಿಷ ಹಾಕ್ಕೊಂಡ್ರಾ? ಸಾಯೋಕೆ ಹೊರಟೋರು ಬೆರಳಚ್ಚು ಯಾಕೆ ಅಳಿಸ್ತಾರೆ?"

ಜೀವಮಾನದಲ್ಲಿ ಅವನು ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ ಅದು. ನಾನು ಸೊಸೆಯ ಕಡೆ ತಿರುಗಿದೆ.

"ಆವತ್ತು ರಾತ್ರಿ ಹಾಲು ಕಾಯಿಸೋವಾಗ ಮಾವ ಅಡುಗೆಮನೆಗೆ ಬಂದಿದ್ರಾ?"

"ಬಂದಿದ್ರು." ಅವಳು ನೆನಪು ಮಾಡಿಕೊಳ್ಳುತ್ತ ನಿಧಾನವಾಗಿ ಹೇಳಿದಳು. "ಯಾವತ್ತೂ ಬರೋರಲ್ಲ, ಅವತ್ತು ಬಂದ್ರು. ದಿನವಿಡೀ ದುಡಿದು ಬಂದಿದೀಯ, ನೀನೂ ಒಂದು ಲೋಟ ಕುಡಿಯಮ್ಮ ಅಂದ್ರು. ಅವ್ರೇ ಸಕ್ಕರೆ ಹಾಕಿ ಕಲಸಿ ಕೊಟ್ರು. ನಂಗೆ ಕಣ್ಣಲ್ಲಿ ನೀರು ಬಂತು ಮೇಡಂ. ಮದುವೆಯಾಗಿ ಬಂದ ಮೇಲೆ ಈ ಮನೇಲಿ ಯಾರೂ ನಂಗೆ ಕುಡಿ ಅಂದಿರ್ಲಿಲ್ಲ."

"ಕುಡಿದ್ಯಾ?"

"ಇಲ್ಲ. ನಂಗೆ ಹಾಲು ಸೇರಲ್ಲ. ಮಾವ ಆ ಕಡೆ ಹೋದ್ಮೇಲೆ ಒಲೆ ಪಕ್ಕ ಹಾಗೇ ಇಟ್ಟೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಮಾವನ ಲೋಟ?"

"ಅದೂ ಅಲ್ಲೇ ಇತ್ತು. ಅತ್ತೇನೇ ಒಂದು ಲೋಟ ತಟ್ಟೇಲಿಟ್ಟು ನನ್ನ ಕೈಗೆ ಕೊಟ್ರು. ನಾನು ಒಯ್ದು ಕೊಟ್ಟೆ."

ತನ್ನ ಮಾತಿನ ಅರ್ಥ ಅವಳಿಗೇ ಆಗ ಹೊಳೆಯಿತು. ಪುಡಿ ಇದ್ದದ್ದು ಮಾವ ತನಗೆಂದು ಕಲಸಿಕೊಟ್ಟ ಲೋಟದಲ್ಲಿ, ಜಾರನ್ನು ತನ್ನ ಯಂತ್ರದಲ್ಲಿ ಇಟ್ಟದ್ದು ತಾನೇ ಅರೆದು ಕುಡಿದಳೆನಿಸಲು. ನಾವೆಲ್ಲ ಅತ್ತೆಯ ಕಡೆ ತಿರುಗಿದೆವು. ಆಕೆ ಕೈಗಳನ್ನು ಮಡಿಲಲ್ಲಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ಕೂತಿದ್ದರು.

ಅಷ್ಟರಲ್ಲಿ ಇಸ್ತ್ರಿಯ ಫೋನು ಹೊಡೆದುಕೊಂಡಿತು. ಬಾಚಿದ ಕೂದಲು ಕೆಡುತ್ತದೆಂದು ಅವನು ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವನು. ಮೇಜಿನ ಮೇಲಿಟ್ಟು ಒತ್ತಿದ. ಆಸ್ಪತ್ರೆಯ ನರ್ಸಿನ ದನಿ ಇಡೀ ಅಡುಗೆಮನೆಗೆ ಕೇಳಿಸಿತು.

"ಸರ್, ನಿಮ್ಮ ಪೇಷಂಟ್ ಕಣ್ಣು ಬಿಟ್ಟಿದಾರೆ! ಮಾತೂ ಆಡ್ತಿದಾರೆ. ಆದ್ರೆ ಒಂದನ್ನೇ ಕೇಳ್ತಿದಾರೆ ಸರ್. ಸೊಸೆ ಹಾಲು ಕುಡಿದ್ಲಾ, ಸೊಸೆ ಹಾಲು ಕುಡಿದ್ಲಾ ಅಂತ. ಪಾಪ, ಈ ಸ್ಥಿತೀಲೂ ಸೊಸೆ ಮೇಲೆ ಎಷ್ಟು ಅಕ್ಕರೆ ನೋಡಿ. ಏನಂತ ಹೇಳ್ಲಿ ಸರ್?"

ಇಸ್ತ್ರಿ ಕಾಲರ್ ಸರಿಮಾಡಿಕೊಂಡ.

ಅತ್ತೆ ಎದ್ದರು. ಮೇಜಿನ ಹತ್ತಿರ ಬಂದು, ಸೊಸೆಯನ್ನು ಒಮ್ಮೆ ನೋಡಿ, ಫೋನಿನ ಮೇಲೆ ಬಗ್ಗಿದರು.

"ಕುಡಿದ್ಲು ಅಂತ ಹೇಳಮ್ಮ," ಎಂದರು. "ನೆಮ್ಮದಿಯಾಗಿ ಮಲಗ್ಲಿ. ಇವತ್ತು ರಾತ್ರಿ ಅವರ ಹಾಲು ನಾನೇ ತರ್ತೀನಿ."